ತೊಳೆದ ಮರಳು

ಕ್ಯಾತನಹಳ್ಳಿ
11-4-1994

ನಾಗಮಂಗಲದ ಸಹಾಯಕ ಇಂಜಿನಿಯರ್ ಪ್ರಮೀಳಾ ಮೇಡಂ ಅವರಿಗೆ ಗುತ್ತಿಗೆದಾರ ಹೊನ್ನಪ್ಪನ ನಮಸ್ಕಾರ.

ನಮ್ಮೂರ ನಾಲೆಗೆ ಅಡ್ಡಲಾಗಿ ಕಟ್ಟುವ ಕಿರುಸೇತುವೆಯ ಕೆಲಸ ನನಗೆ ಸಿಕ್ಕಿದೆ. ಕಾಂಕ್ರೀಟ್ ಹಾಕುವ ಮೊದಲು ಸಾಮಾನಿನ ಸ್ಯಾಂಪಲ್ಲನ್ನು ತಾವು ಪರೀಕ್ಷಿಸಿ ಸಹಿ ಹಾಕಬೇಕೆಂದು ಕರಾರಿನಲ್ಲಿದೆ. ಅದರಂತೆ ಜಲ್ಲಿ, ಕಬ್ಬಿಣ, ಮರಳು ಮೂರನ್ನೂ ಚೀಲದಲ್ಲಿ ಹೊಲಿದು ಬಸ್ಸಿಗೆ ಹಾಕಿದ್ದೇನೆ. ಮರಳನ್ನು ರಾಶಿಯ ನೆತ್ತಿ, ನಡು, ಬುಡ ಮೂರು ಕಡೆಯೂ ಬಗೆದು ಬೆರೆಸಿ ತುಂಬಿದ್ದೇನೆ. ಜರಡಿ ಆಡಿಸಿಲ್ಲ. ರಾಶಿ ಹೇಗಿದೆಯೋ ಚೀಲವೂ ಹಾಗೇ ಇದೆ.

ನಾಲೆಗೆ ಈಗ ನೀರು ನಿಲ್ಲಿಸಿದ್ದಾರೆ. ಜುಲೈ ಮೊದಲ ವಾರ ಮತ್ತೆ ಬಿಡುತ್ತಾರೆ. ಅಷ್ಟರಲ್ಲಿ ಪಾಯ, ಎರಡು ದಡದ ಗೋಡೆ, ಮೇಲಿನ ಚಪ್ಪಡಿ ಎಲ್ಲ ಮುಗಿಯಬೇಕು. ನೀರು ಬಂದರೆ ಇನ್ನೊಂದು ವರ್ಷ ಕೈಕಟ್ಟಿ ಕೂರುವುದೇ. ದಯವಿಟ್ಟು ಬೇಗ ನೋಡಿ ಕಳಿಸಬೇಕು.

ಇಂತಿ,
ಹೊನ್ನಪ್ಪ


ನಾಗಮಂಗಲ
22-4-1994

ಶ್ರೀ ಹೊನ್ನಪ್ಪ, ಗುತ್ತಿಗೆದಾರರು, ಇವರಿಗೆ.

ಜಲ್ಲಿ ಮತ್ತು ಕಬ್ಬಿಣದ ಸ್ಯಾಂಪಲ್ ಒಪ್ಪಿದೆ. ಮರಳನ್ನು ಉಪ್ಪುನೀರಿನ ಜಾಡಿಯಲ್ಲಿ ಕುಲುಕಿ ಇಟ್ಟು ನೋಡಲಾಗಿ, ಮಣ್ಣಿನ ಅಂಶ ನೂರಕ್ಕೆ ಏಳೂವರೆ ಬಂದಿದೆ. ತೃಪ್ತಿಕರವಾಗಿಲ್ಲ. ತಿರಸ್ಕರಿಸಲಾಗಿದೆ. ಹೊಸ ಸ್ಯಾಂಪಲ್ ಸಲ್ಲಿಸುವುದು. ಒಪ್ಪಿಗೆ ಇಲ್ಲದೆ ಕಾಂಕ್ರೀಟ್ ಹಾಕಿದಲ್ಲಿ ಒಡೆಸಲಾಗುವುದು.

ಪ್ರಮೀಳಾ
ಸಹಾಯಕ ಇಂಜಿನಿಯರ್


ಕ್ಯಾತನಹಳ್ಳಿ
25-4-1994

ಮೇಡಂ ಅವರಿಗೆ,

ಹನ್ನೊಂದು ದಿನ ಕಾದು ಕೂತವನಿಗೆ ಆರು ಸಾಲಿನ ಕಾಗದ ಬಂತು. ಸಂತೋಷ.

ಮರಳಿನಲ್ಲಿ ಮಣ್ಣು ನೂರಕ್ಕೆ ಎಂಟರವರೆಗೆ ಇರಬಹುದು ಎಂದು ನೀವೇ ಕೊಟ್ಟ ಕರಾರಿನ ಪುಸ್ತಕದಲ್ಲಿ ಅಚ್ಚಾಗಿದೆ. ನನ್ನದು ಏಳೂವರೆ. ಏಳೂವರೆ ಎಂಟಕ್ಕಿಂತ ಕಡಿಮೆ ಎಂದು ನಾನು ಓದಿದ ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ನಿಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಬೇರೆ ಲೆಕ್ಕವಿದ್ದರೆ ತಿಳಿಸಿ, ಈ ವಯಸ್ಸಿನಲ್ಲಿ ಅದನ್ನೂ ಕಲಿಯುತ್ತೇನೆ.

ಇಲ್ಲಿ ಹದಿನಾರು ಆಳು ಬೇವಿನ ಮರದ ಕೆಳಗೆ ಕೂತು ಚೌಕಾಬಾರ ಆಡುತ್ತಿದ್ದಾರೆ. ಪಾಯದ ಗುಂಡಿ ತೆಗೆದು ಒಂಬತ್ತು ದಿನವಾಯಿತು. ಗುಂಡಿಯೊಳಗೆ ಕುರಿಮರಿ ಬಿದ್ದು, ಎತ್ತಿದ್ದೂ ಆಯಿತು. ನಿಮಗೆ ನನ್ನಿಂದ ಬೇರೇನಾದರೂ ಬೇಕಾಗಿದ್ದರೆ ಸುತ್ತಿ ಬಳಸದೆ ಬಾಯಿಬಿಟ್ಟು ಹೇಳಿ. ಮೂವತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ನನಗೇನೂ ಹೊಸದಲ್ಲ.

ಹೊನ್ನಪ್ಪ


ನಾಗಮಂಗಲ
5-5-1994

ಹೊನ್ನಪ್ಪನವರಿಗೆ,

ಇದನ್ನು ಆಫೀಸಿನ ಕಾಗದವೆಂದು ಬರೆಯುತ್ತಿಲ್ಲ, ಅದಕ್ಕೆ ನಂಬರೂ ಹಾಕಿಲ್ಲ. ನಿಮ್ಮ ಕಾಗದದ ಕೊನೆಯ ಮಾತು ಓದಿ ನನಗೆ ಮೈ ಉರಿದುಹೋಯಿತು. ನನಗೆ ನಿಮ್ಮಿಂದ ಬೇಕಾಗಿರುವುದು ಒಳ್ಳೆಯ ಮರಳು. ಬೇರೆ ಏನನ್ನಾದರೂ ತಂದು ಈ ಟೇಬಲ್ಲಿನ ಮೇಲೆ ಇಟ್ಟು ನೋಡಿ, ಏನಾಗುತ್ತದೆ ಅಂತ.

ಏಳೂವರೆಯನ್ನು ಯಾಕೆ ಒಪ್ಪಲಿಲ್ಲ ಎಂದು ಕೇಳಿದ್ದೀರಿ. ಕೇಳಿ. ನನ್ನ ಟೇಬಲ್ಲಿಗೆ ಬರುವ ಯಾವ ಸ್ಯಾಂಪಲ್ಲೂ ರಾಶಿಯಿಂದ ಬಂದದ್ದಲ್ಲ. ಜರಡಿ ಹಿಡಿದು, ತೊಳೆದು, ಒಣಗಿಸಿ, ಮದುವೆಗೆ ಹೆಣ್ಣು ತೋರಿಸುವ ಹಾಗೆ ಸಿಂಗಾರ ಮಾಡಿ ಕಳಿಸುತ್ತಾರೆ. ಸೈಟಿಗೆ ಹೋಗಿ ನೋಡಿದರೆ ಅದರಪ್ಪನಂಥ ಮಣ್ಣು ರಾಶಿಯಲ್ಲಿರುತ್ತದೆ. ಆದ್ದರಿಂದ ಸ್ಯಾಂಪಲ್ಲಿನಲ್ಲಿ ಎಷ್ಟಿದೆಯೋ ರಾಶಿಯಲ್ಲಿ ಅದರ ಎರಡರಷ್ಟು ಎಂದು ಹಿಡಿಯುತ್ತೇನೆ. ನಾಲ್ಕಕ್ಕಿಂತ ಹೆಚ್ಚು ಬಂದರೆ ನನ್ನ ಸಹಿ ಬೀಳುವುದಿಲ್ಲ. ಇದು ಪುಸ್ತಕದಲ್ಲಿಲ್ಲ, ನನ್ನ ಅನುಭವದಲ್ಲಿದೆ.

ಸಿಂಗಾರ ಮಾಡಿದ ಮೇಲೂ ಏಳೂವರೆ ಬಂದಿದೆ ಎಂದರೆ ನಿಮ್ಮ ರಾಶಿ ಹದಿನೈದಿರಬೇಕು. ಬೇರೆ ಮರಳು ತರಿಸಿ.

ಪ್ರಮೀಳಾ


ಕ್ಯಾತನಹಳ್ಳಿ
8-5-1994

ಮೇಡಂ ಅವರಿಗೆ,

ಚೆನ್ನಾಗಿದೆ ನಿಮ್ಮ ನ್ಯಾಯ! ಸುಳ್ಳು ಹೇಳುವವರ ಅಳತೆ ಕೋಲಿನಲ್ಲಿ ನನ್ನನ್ನೂ ಅಳೆದುಬಿಟ್ಟಿರಿ. ಸಿಂಗಾರ ಮಾಡಿದ್ದೇನೆ ಎಂದು ನಿಮಗೆ ಯಾರು ಹೇಳಿದರು? ಮೊದಲ ಕಾಗದದಲ್ಲೇ ಬರೆದಿದ್ದೆನಲ್ಲ, ರಾಶಿ ಹೇಗಿದೆಯೋ ಚೀಲವೂ ಹಾಗೇ ಎಂದು? ಬರೆದದ್ದನ್ನು ಓದುವ ಪದ್ಧತಿ ನಿಮ್ಮ ಆಫೀಸಿನಲ್ಲಿ ಇಲ್ಲವೋ?

ನಿಮ್ಮ ಕಾಗದವನ್ನು ಧರ್ಮೇಂದ್ರನಿಗೆ ತೋರಿಸಿದೆ. ಇದೇ ನಾಲೆಯ ಕೆಳಗಡೆ ಚರಂಡಿ ಕೆಲಸ ಹಿಡಿದಿರುವ ಹುಡುಗ. ಅವನು ಬಿದ್ದು ಬಿದ್ದು ನಕ್ಕ. "ಅಲ್ಲ ಕಣಣ್ಣ, ರಾಸಿಲಿರದ್ನೇ ಯಾರಾದ್ರೂ ಆಪೀಸ್ಗೆ ಕಳಿಸ್ತಾರಾ? ಏಳೆಂಟ್ ನೀರ್ನಾಗೆ ತೊಳ್ದು, ಬಿಸಲ್ಗೆ ಒಣಾಕಿ ಕಳ್ಸು. ಮೂರೇ ದಿನಕ್ಕೆ ಸೈನ್ ಬತ್ತದೆ. ನಂದು ಅಂಗೇ ಬಂತು. ನೀನೊಬ್ಬ ದೊಡ್ಡ ಸಾಚಾ ಮನ್ಸ ಆಗಕ್ಕೋಗ್ಬುಟ್ಟೆ" ಅಂದ. ನಿಮ್ಮ ಸಹಿ ಇರುವ ಅವನ ಚೀಟಿಯನ್ನು ನನ್ನ ಮುಖದ ಮುಂದೆ ಆಡಿಸಿದ. ಅವನ ರಾಶಿಯನ್ನು ನಾನು ಕೈಯಲ್ಲಿ ಹಿಂಡಿ ನೋಡಿದ್ದೇನೆ. ಅಂಗೈ ಕೆಂಪಗಾಯಿತು.

ಅವನದು ಪಾಸು, ನನ್ನದು ಫೇಲು. ತೊಳೆದು ಕಳಿಸು ಎಂದು ನೀವೇ ಹೇಳಿಕೊಟ್ಟ ಹಾಗಾಯಿತಲ್ಲ ಮೇಡಂ? ನಾನು ತೊಳೆಯುವುದಿಲ್ಲ. ಬೇಕಾದರೆ ಇಲ್ಲಿಗೆ ಬಂದು ರಾಶಿಯನ್ನೇ ನೋಡಿ. ಇವತ್ತಿಗೆ ನೀರು ಬಿಡಲು ಎಂಟೇ ವಾರ ಉಳಿದಿದೆ.

ಹೊನ್ನಪ್ಪ


ಕ್ಯಾತನಹಳ್ಳಿ
14-5-1994

ಮಾನ್ಯ ಸಹಾಯಕ ಇಂಜಿನಿಯರ್ ಅವರಿಗೆ,

ಮರಳಿನ ಹೊಸ ಸ್ಯಾಂಪಲ್ ಕಳಿಸಿದ್ದೇನೆ. ಪರೀಕ್ಷಿಸಿ ಒಪ್ಪಿಗೆ ನೀಡಬೇಕಾಗಿ ವಿನಂತಿ.

ತಮ್ಮ ವಿಧೇಯ,
ಹೊನ್ನಪ್ಪ


ನಾಗಮಂಗಲ
17-5-1994

ಹೊನ್ನಪ್ಪನವರಿಗೆ,

ಮಣ್ಣಿನ ಅಂಶ ನೂರಕ್ಕೆ ಒಂದೂವರೆ ಮಾತ್ರ. ಒಪ್ಪಿದೆ. ಸಹಿ ಮಾಡಿದ ಚೀಟಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಕೂಡಲೇ ಕೆಲಸ ಶುರು ಮಾಡಿ.

ಬೇರೆ ಮರಳು ತರಿಸಿದ್ದು ಒಳ್ಳೆಯದಾಯಿತು. ಕೋಪದಲ್ಲಿ ಏನೇನೋ ಬರೆದರೂ ಕೊನೆಗೆ ಸರಿಯಾದದ್ದನ್ನೇ ಮಾಡಿದಿರಿ.

ಪ್ರಮೀಳಾ


ಕ್ಯಾತನಹಳ್ಳಿ
19-5-1994

ಮೇಡಂ,

ನಿಮ್ಮ ಚೀಟಿಯನ್ನು ವಾಪಸ್ಸು ಕಳಿಸಿದ್ದೇನೆ, ಲಕೋಟೆಯಲ್ಲಿ ನೋಡಿ. ನೀವು ಒಪ್ಪಿದ ಮರಳು ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ನಮ್ಮ ಮಾದಮ್ಮನ ಮನೆಯ ಬಿಂದಿಗೆಯಲ್ಲಿ ಮೂರು ಸೇರು ಇತ್ತು, ಅದೂ ನಿಮ್ಮ ಜಾಡಿಗೆ ಹೋಗಿ ಮುಗಿಯಿತು. ಬೇರೆ ಮರಳಲ್ಲ ಅದು. ಅದೇ ರಾಶಿ, ಅದೇ ಏಳೂವರೆ. ರಾಶಿ ನೋಡಲು ನೀವು ಬರುವ ಸುದ್ದಿಯೇ ಇರಲಿಲ್ಲ, ದಿನ ಓಡುತ್ತಿತ್ತು. ಬೋರ್‌ವೆಲ್ ಹತ್ತಿರ ಕೂತು ಒಂಬತ್ತು ಸಲ ತೊಳೆದು, ಹಳೇ ಸೀರೆಯ ಮೇಲೆ ಒಣಗಿಸಿ ಕಳಿಸಿದ್ದು. ಧರ್ಮೇಂದ್ರ ಹೇಳಿದ ಹಾಗೆ ಮೂರೇ ದಿನಕ್ಕೆ ಸಹಿ ಬಂತು. ಥೂ! ಆ ಚೀಟಿ ಕೈಗೆ ಬಂದಾಗ ನನಗೆ ಖುಷಿಯಾಗಬೇಕಿತ್ತು. ಅನ್ನ ಸೇರಲಿಲ್ಲ.

ತೊಳೆದವಳು ನನ್ನ ತಂಗಿ ಮಾದಮ್ಮ. ಅವಳ ಮನೆ ನಾಲೆಯ ಆಚೆ ದಡದ ಕೊಪ್ಪಲಿನಲ್ಲಿದೆ. ಕೊಪ್ಪಲಿನವರು ಊರಿಗೆ ಬರಬೇಕಾದರೆ ಎರಡು ತೆಂಗಿನ ದಿಮ್ಮಿಯ ಮೇಲೆ ನಾಲೆ ದಾಟಬೇಕು. ಹೋದ ವರ್ಷ ಆಗಸ್ಟಿನಲ್ಲಿ ಅವಳ ಗಂಡ ದೇವಯ್ಯ ಹುಲ್ಲಿನ ಹೊರೆ ಹೊತ್ತು ಬರುವಾಗ ಆ ದಿಮ್ಮಿಯಿಂದ ಜಾರಿದ. ಎರಡು ದಿನ ಬಿಟ್ಟು ತೂಬಿನ ಹತ್ತಿರ ಸಿಕ್ಕಿದ. ಈ ಸೇತುವೆ ಕೆಲಸ ನಾನು ಹಿಡಿದದ್ದು ಅದಕ್ಕೆ. ಮುಂದಿನ ನೀರು ಬರುವ ಹೊತ್ತಿಗೆ ನೀನು ಸೇತುವೆ ಮೇಲೆ ನಡೆಯುತ್ತೀಯ ಎಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಮೊದಲು ಇದನ್ನೆಲ್ಲ ಬರೆಯಲಿಲ್ಲ. ಕಣ್ಣೀರು ತೋರಿಸಿ ಸಹಿ ತರಿಸುವ ಜಾತಿಯಲ್ಲ ನಾನು.

ಆದರೆ ಅವಳೇ ನಡೆಯುವ ಸೇತುವೆಗೆ ಸುಳ್ಳು ಚೀಟಿ ಇಟ್ಟುಕೊಂಡು ಕಾಂಕ್ರೀಟ್ ಹಾಕಲಾರೆ. ಮರಳು ಚೆನ್ನಾಗಿದೆ, ಚೀಟಿ ಕೆಟ್ಟದ್ದು. ಬಂದು ರಾಶಿ ನೋಡಿ. ಇನ್ನು ಏಳು ವಾರ.

ಹೊನ್ನಪ್ಪ


ನಾಗಮಂಗಲ
24-5-1994

ಹೊನ್ನಪ್ಪನವರೇ,

ನೀವು ವಾಪಸ್ಸು ಕಳಿಸಿದ ಚೀಟಿಯನ್ನು ಹರಿದು ಹಾಕಿದೆ. 

ನಿಮಗೊಬ್ಬರಿಗೇ ಸಿಟ್ಟು ಬರುವುದು ಎಂದುಕೊಂಡಿದ್ದೀರಾ? ಮೂರು ವರ್ಷದ ಹಿಂದೆ ಕೆ.ಆರ್. ಪೇಟೆಯ ಕಡೆ ಒಂದು ಶಾಲೆಯ ಕೋಣೆಗೆ ನಾನು ಮರಳಿನ ಸ್ಯಾಂಪಲ್ ಒಪ್ಪಿದ್ದೆ. ಕೆಲಸಕ್ಕೆ ಸೇರಿದ ಹೊಸತು. ಅದೂ ಒಂದೂವರೆಯೇ ಇತ್ತು. ಎಷ್ಟು ಚೆನ್ನಾಗಿದೆ ಎಂದು ಹೊಗಳಿ ಸಹಿ ಹಾಕಿದೆ. ಎರಡು ಮಳೆಗಾಲ ಕಳೆದ ಮೇಲೆ ಚಾವಣಿ ಅರ್ಧ ಕೆಳಗೆ ಬಂತು. ಭಾನುವಾರವಾದ್ದರಿಂದ ಮಕ್ಕಳಿರಲಿಲ್ಲ. ಹೋಗಿ ನೋಡಿದೆ. ಬೆಂಚುಗಳೆಲ್ಲ ಮುರಿದಿದ್ದವು, ಗೋಡೆಯ ಮೇಲೆ ಮಗ್ಗಿ ಬರೆದಿತ್ತು. ಬಿದ್ದ ಕಾಂಕ್ರೀಟನ್ನು ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿತ್ತು. ನನ್ನನ್ನು ಇಲ್ಲಿಗೆ ಹಾಕಿದರು. ಆ ಮರಳನ್ನು ಪರೀಕ್ಷಿಸಿದ ಜಾಡಿಯನ್ನು ತಂದು ನನ್ನ ಟೇಬಲ್ಲಿನ ಮೇಲೆ ಇಟ್ಟುಕೊಂಡಿದ್ದೇನೆ.

ನೀವು ಸಾಚಾ ಎಂದು ಎದೆ ತಟ್ಟಿಕೊಂಡು, ಕೊನೆಗೆ ನೀವೂ ಅದೇ ಒಂದೂವರೆಯನ್ನು ನನ್ನ ಮುಂದೆ ಇಟ್ಟಿರಿ. ನಾನೂ ಮತ್ತೆ ಹೊಗಳಿದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿದೆ, ನಿಮ್ಮ ಮೇಲೂ ಆಗಿದೆ.

ದೇವಯ್ಯನವರ ವಿಷಯ ಓದಿ ಬೇಜಾರಾಯಿತು. 28ನೇ ತಾರೀಕು ಶನಿವಾರ ಬೆಳಿಗ್ಗೆ ನಾನೇ ಬರುತ್ತೇನೆ. ರಾಶಿಯನ್ನು ನನ್ನ ಕೈಯಿಂದ ಬಗೆಯುತ್ತೇನೆ. ಎಂಟರೊಳಗೆ ಇದ್ದರೆ ಅಲ್ಲೇ ಸಹಿ. ರಾಶಿಯನ್ನು ಯಾರೂ ಮುಟ್ಟಬಾರದು.

ಪ್ರಮೀಳಾ


ನಾಗಮಂಗಲ
30-5-1994

ಹೊನ್ನಪ್ಪನವರೇ,

ನಿಮಗೆ ನಾಚಿಕೆಯಾಗಬೇಕು.

ಶನಿವಾರ ನಮ್ಮ ಜೀಪು ಆ ಕಡೆಗೆ ಹೊರಟಿತ್ತು, ಅದರಲ್ಲೇ ಬಂದೆ. ನೀವು ನನ್ನನ್ನು ಕರೆತರಲು ಪಾಂಡವಪುರದ ಬಸ್ ಸ್ಟ್ಯಾಂಡಿಗೆ ಹೋಗಿದ್ದೀರಿ ಎಂದರು. ಒಳ್ಳೆ ಸಮಯ ನೋಡಿಯೇ ಹೋಗಿದ್ದೀರಿ. ರಾಶಿಯ ನೆತ್ತಿಯ ಮರಳು ಫಳಫಳ ಹೊಳೆಯುತ್ತಿತ್ತು. ಜಾಡಿಯಲ್ಲಿ ಎರಡು ಬಂತು. ಮೊಣಕೈವರೆಗೆ ತೋಳು ಹಾಕಿ ಬುಡದಿಂದ ತೆಗೆದೆ. ಹದಿನಾಲ್ಕು! ಸುತ್ತಲೂ ನೆಲ ಒದ್ದೆ, ಕೆಂಪು ನೀರು ನಾಲೆಯವರೆಗೆ ಹರಿದ ಗುರುತು ಇನ್ನೂ ಆರಿರಲಿಲ್ಲ. ಹೆಂಗಸರು ಖಾಲಿ ಕೊಡಪಾನ ಸಾಲಾಗಿ ಇಟ್ಟುಕೊಂಡು ನಿಂತಿದ್ದರು. ಒಬ್ಬ ಹೆಂಗಸು ಮಜ್ಜಿಗೆ ತಂದುಕೊಟ್ಟಳು. ಮುಟ್ಟದೆ ಬಂದೆ.

ಇಷ್ಟು ದಿನ ಚೀಲಕ್ಕೆ ಸಿಂಗಾರ ಮಾಡುತ್ತಿದ್ದರು. ನೀವು ಇಡೀ ರಾಶಿಗೇ ಮಾಡಿದಿರಿ. ರಾಶಿ ತಿರಸ್ಕೃತ.

ಪ್ರಮೀಳಾ


ಕ್ಯಾತನಹಳ್ಳಿ
2-6-1994

ಮೇಡಂ,

ಬಸ್ ಸ್ಟ್ಯಾಂಡಿನಲ್ಲಿ ಹನ್ನೊಂದರವರೆಗೆ ಬಿಸಿಲಿನಲ್ಲಿ ನಿಂತಿದ್ದೆ. ನಾಗಮಂಗಲದ ಮೂರು ಬಸ್ಸಿಗೂ ಇಣುಕಿದೆ. ವಾಪಸ್ಸು ಬಂದರೆ ನೀವು ಬಂದು ಹೋದಿರಿ ಎಂದರು. ರಾಶಿ ನೋಡಿ ನನ್ನ ತಲೆಯ ಮೇಲೆ ಸಿಡಿಲು ಬಿದ್ದ ಹಾಗಾಯಿತು.

ನಾನಲ್ಲ ಮಾಡಿಸಿದ್ದು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ಬಸ್ಸು ಹತ್ತುತ್ತಲೇ ಮಾದಮ್ಮ ಕೊಪ್ಪಲಿನ ಹೆಂಗಸರನ್ನೆಲ್ಲ ಸೇರಿಸಿದ್ದಾಳೆ. ಬೋರ್‌ವೆಲ್ಲಿನಿಂದ ಎಂಬತ್ತು ಕೊಡ ನೀರು ಹೊತ್ತು ರಾಶಿಯ ಮೇಲೆ ಸುರಿದಿದ್ದಾರೆ. ಮೇಲಿನ ಮಣ್ಣೆಲ್ಲ ಇಳಿದು ಬುಡದಲ್ಲಿ ಕೂತಿತು. ನಿಮ್ಮ ಕೈಗೆ ಸಿಕ್ಕಿದ್ದು ಅದು. ನಾನು ಕೂಗಾಡುವ ಮೊದಲೇ ಅವಳು ಸಂಭ್ರಮದಿಂದ ಬಂದು ಹೇಳಿದಳು:

"ದೊಡ್ಡೋರು ಬತ್ತಾರೆ ಅಂದ್ರೆ ಬಾಗ್ಲು ಸಾರ್ಸಲ್ವಾ ಅಣ್ಣ, ಅಂಗೇಯ. ಅವತ್ತು ಒಂದ್ ಚೀಲ ತೊಳ್ದಿದ್ಕೆ ತಾನೆ ಸೈನ್ ಬಿದ್ದಿದ್ದು? ಈಗ ರಾಸಿನೇ ತೊಳ್ದ್ಬುಟ್ಟಿವ್ನಿ. ಆವಮ್ಮ ಒಪ್ಕೊಂಡ್ಳಾ?"

ಮೇಡಂ, ತೊಳೆದರೆ ಸಹಿ ಬೀಳುತ್ತದೆ ಎಂದು ಅವಳಿಗೆ ಕಲಿಸಿದವನು ನಾನು. ನನಗೆ ಕಲಿಸಿದವರು ನೀವು. ಸೊಂಟ ನೋವಿನ ಹೆಂಗಸು ಒಬ್ಬಳೇ ಇಪ್ಪತ್ತು ಕೊಡ ಹೊತ್ತಿದ್ದಾಳೆ. "ಮೇಡಂ ಇನ್ನೂ ಲೆಕ್ಕ ಹಾಕ್ತಾವ್ರೆ" ಎಂದು ಹೇಳಿ ಆಚೆ ಹೋದೆ.

ಬುಡದ ಮಣ್ಣು ಮರಳನ್ನು ಎತ್ತಿ ದೂರ ಹಾಕಿದ್ದೇನೆ. ಉಳಿದದ್ದನ್ನು ಹರಡಿ, ಬಿಸಿಲಿಗೆ ಬಿಟ್ಟು, ತಿರುವಿ ಮತ್ತೆ ಗುಡ್ಡೆ ಮಾಡಿಸಿದ್ದೇನೆ. ಬರುವುದಾದರೆ ಹೇಳದೆ ಬನ್ನಿ. ನನಗೂ ಹೇಳಬೇಡಿ. ಒಂದೇ ಒಂದು ಕೇಳಿಕೊಳ್ಳುತ್ತೇನೆ, ಅವಳು ತೊಳೆದದ್ದರಿಂದ ಕೆಲಸ ನಿಂತಿತು ಎಂದು ಅವಳ ಕಿವಿಗೆ ಬೀಳಬಾರದು. ನನ್ನನ್ನು ಎಷ್ಟು ಬೇಕಾದರೂ ಬೈಯಿರಿ.

ಹೊನ್ನಪ್ಪ


ನಾಗಮಂಗಲ
9-6-1994

ಹೊನ್ನಪ್ಪನವರೇ,

ಮಂಗಳವಾರ ಏಳನೇ ತಾರೀಕು ಬಂದಿದ್ದೆ. ನೀವು ಕಬ್ಬಿಣ ಕಟ್ಟಿಸುವುದರಲ್ಲಿದ್ದಿರಿ, ನನ್ನನ್ನು ನೋಡಲಿಲ್ಲ. ಒಂಬತ್ತು ಕಡೆ ಬಗೆದು ತಂದೆ. ಆರೂಮುಕ್ಕಾಲು. ಪುಸ್ತಕದಲ್ಲಿ ಎಂಟಿದೆ, ನಾನೂ ಎಂಟೇ ಇಟ್ಟುಕೊಂಡಿದ್ದೇನೆ. ಒಪ್ಪಿದೆ. ಇವತ್ತೇ ಶುರು ಮಾಡಿ.

ನಿಮ್ಮ ಮೊದಲ ಚೀಲದ ಏಳೂವರೆ ನಿಜವೇ ಇತ್ತು. ಈ ಆಫೀಸಿಗೆ ಬಂದ ಚೀಲಗಳಲ್ಲಿ ನಿಜವಾದದ್ದು ಅದೊಂದೇ ಇರಬೇಕು, ಅದನ್ನೇ ನಾನು ತಿರಸ್ಕರಿಸಿದೆ. ಇದನ್ನು ಬರೆಯುವುದು ಸುಲಭವಲ್ಲ, ಆದರೂ ಬರೆದಿದ್ದೇನೆ. ಧರ್ಮೇಂದ್ರನ ರಾಶಿಗೂ ತೋಳು ಹಾಕಿದೆ. ಅವನ ಒಪ್ಪಿಗೆ ರದ್ದಾಗಿದೆ. ಈಗಲೂ ನಗುತ್ತಾನೋ ಇಲ್ಲವೋ ನೀವೇ ನೋಡಿ ಹೇಳಿ.

ಮಾದಮ್ಮನವರು ನನ್ನನ್ನು ಗುರುತು ಹಿಡಿದರು. "ಮರ್ಳು ಚೆಂದಾಗಿತ್ತಾ ಅವ್ವ?" ಎಂದು ಕೇಳಿದರು. ಚೆನ್ನಾಗಿದೆ ಎಂದೆ. ಬೇರೇನೂ ಹೇಳಲಿಲ್ಲ. ಈ ಸಲ ಮಜ್ಜಿಗೆ ಕುಡಿದು ಬಂದೆ.

ಪ್ರಮೀಳಾ


ಕ್ಯಾತನಹಳ್ಳಿ
8-7-1994

ಮೇಡಂ,

ಮೊನ್ನೆ ಬುಧವಾರ ನಾಲೆಗೆ ನೀರು ಬಿಟ್ಟರು.

ಪಾಯ ಆಗಿದೆ. ಎರಡು ದಡದಲ್ಲೂ ಗೋಡೆ ನಿಂತಿದೆ, ಕೊಡಲಿಯಲ್ಲಿ ಹೊಡೆದರೆ ಕಿಡಿ ಹಾರುತ್ತದೆ. ಚಪ್ಪಡಿ ಆಗಲಿಲ್ಲ. ಅದನ್ನು ಹಾಕಿದ ಮೇಲೆ ನಾಲೆಯ ತಳದಲ್ಲಿ ಕಂಬ ಕೊಟ್ಟು ಹದಿನೈದು ದಿನ ಹೊತ್ತು ನಿಲ್ಲಿಸಬೇಕು. ಆ ಹದಿನೈದು ದಿನ ನಮಗಿರಲಿಲ್ಲ. ಹಗಲೂ ರಾತ್ರಿ ದುಡಿದರೂ ಇರಲಿಲ್ಲ. ಕಟ್ಟಿದ್ದ ಕಂಬಗಳನ್ನು ಮಂಗಳವಾರ ನಾವೇ ಕಿತ್ತೆವು. ಆಳುಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಏಪ್ರಿಲ್ ಇಪ್ಪತ್ತೆರಡರಿಂದ ಜೂನ್ ಒಂಬತ್ತರವರೆಗೆ ನಲವತ್ತೆಂಟು ದಿನ! ಏಳೂವರೆಯನ್ನು ಏಳೂವರೆ ಎಂದು ಓದಿದ್ದರೆ ಸಾಕಿತ್ತು. ಕ್ಷಮಿಸಿದೆ ಎಂದು ಬರೆಯೋಣ ಅಂದುಕೊಂಡು ಕೂತೆ, ಕೈ ಬರಲಿಲ್ಲ. ನನ್ನನ್ನೂ ಕ್ಷಮಿಸಿಕೊಳ್ಳಲು ಆಗುತ್ತಿಲ್ಲ. ಒಂಬತ್ತು ನೀರಿನಲ್ಲಿ ತೊಳೆಸಿದವನು ನಾನೇ ತಾನೆ.

ಆ ತೆಂಗಿನ ದಿಮ್ಮಿಗಳನ್ನು ಎತ್ತಿ ಹೊಸ ಗೋಡೆಗಳ ಮೇಲಿಟ್ಟು, ಹಿಡಿದುಕೊಳ್ಳಲು ಪಕ್ಕದಲ್ಲಿ ಹಗ್ಗ ಕಟ್ಟಿಸಿದ್ದೇನೆ. ಮಾದಮ್ಮ ಇವತ್ತು ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಅದರ ಮೇಲೆ ದಾಟಿದಳು. ನಾನು ಈಚೆ ದಡದಲ್ಲಿ ನಿಂತು ನೋಡಿದೆ. ಅವಳು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಹೊನ್ನಪ್ಪ


ನಾಗಮಂಗಲ
14-7-1994

ಹೊನ್ನಪ್ಪನವರೇ,

ಕ್ಷಮಿಸಬೇಡಿ. ಈ ಸಿಟ್ಟನ್ನು ಮುಂದಿನ ಬೇಸಗೆವರೆಗೆ ಹಾಗೇ ಇಟ್ಟುಕೊಳ್ಳಿ, ನಾನೂ ಇಟ್ಟುಕೊಳ್ಳುತ್ತೇನೆ.

ಚಪ್ಪಡಿಯ ಮರಳಿನ ಸ್ಯಾಂಪಲ್ಲನ್ನು ಈಗಲೇ ಕಳಿಸಿ. ನೀರು ನಿಂತ ಮಾರನೇ ದಿನ ಕೆಲಸ ಶುರುವಾಗಬೇಕು, ಕಾಗದಕ್ಕೆ ಒಂದು ದಿನವೂ ಹೋಗಬಾರದು. ರಾಶಿಗೆ ಟಾರ್ಪಾಲು ಹೊದಿಸಿ. ಕೆಲಸದ ಹಿಂದಿನ ದಿನ ಹೇಳದೆ ಬಂದು ಇನ್ನೊಮ್ಮೆ ತೋಳು ಹಾಕುತ್ತೇನೆ. ಮತ್ತೊಂದು ಮಾತು. ಇನ್ನು ಮುಂದೆ ಚೀಲ ತುಂಬುವವರು ಗುತ್ತಿಗೆದಾರರಲ್ಲ. ಕಟ್ಟಿದ್ದರ ಮೇಲೆ ನಡೆಯುವವರು ಯಾರೋ ಅವರು ತುಂಬಿ, ಚೀಟಿಯ ಮೇಲೆ ಅವರೇ ರುಜು ಹಾಕಬೇಕು. ಇದೂ ಪುಸ್ತಕದಲ್ಲಿಲ್ಲ.

ಪ್ರಮೀಳಾ


ಕ್ಯಾತನಹಳ್ಳಿ
20-7-1994

ಮೇಡಂ,

ಚೀಲ ಕಳಿಸಿದ್ದೇನೆ. ತುಂಬಿದವಳು ಮಾದಮ್ಮ. ಚೀಟಿಯ ಮೇಲೆ ಇರುವುದು ಅವಳ ಎಡಗೈ ಹೆಬ್ಬೆಟ್ಟು.

ನಿಮ್ಮ ಕಾಗದಗಳನ್ನೆಲ್ಲ ನಾನು ಅವಳ ಮನೆಯ ಜಂತೆಯಲ್ಲೇ ಸಿಕ್ಕಿಸಿಡುತ್ತಿದ್ದೆ. ಅವಳಿಗೆ ಓದು ಬರುವುದಿಲ್ಲ ಎಂಬ ಧೈರ್ಯ. ಅವಳ ಮಗಳು ರಂಜಿತ ಎಂಟನೇ ಕ್ಲಾಸು ಓದುತ್ತಾಳೆ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಯಾವತ್ತು ಓದಿಸಿ ಕೇಳಿಸಿಕೊಂಡಳೋ, ನನ್ನ ಹತ್ತಿರ ಒಂದು ಮಾತೂ ಆಡಿಲ್ಲ.

ಇವತ್ತು ಟಾರ್ಪಾಲು ಸರಿಸಿ, ನೆತ್ತಿ, ನಡು, ಬುಡ ಮೂರು ಕಡೆಯೂ ಅವಳೇ ಬಗೆದಳು. ಬಗೆಯುವ ಮೊದಲು ಒದ್ದೆಯಾಗಿದ್ದ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡಳು. ಚೀಲದ ಬಾಯಿ ಹೊಲಿದು ಹೆಬ್ಬೆಟ್ಟು ಒತ್ತಿದ ಮೇಲೆ, ಮುಖ ಎತ್ತದೆ ನನಗೆ ಹೇಳಿದಳು:

"ಅಣ್ಣ, ಆವಮ್ಮುಂಗೆ ಬರಿ. ಈ ಕಿತ ಮಾದಮ್ಮ ಒಂದ್ ಚೊಂಬು ನೀರೂವೆ ಸೋಕಿಸಿಲ್ಲ ಅಂತ ಬರಿ."

ಹೊನ್ನಪ್ಪ